ಪ್ಲಾಂಟ್ ಹೆಡ್ ಆದಿರಿ, ಈಗ ಯಾರಿಗೆ ಫೋನ್ ಮಾಡ್ತೀರಿ?

ಪ್ರೊಡಕ್ಷನ್‌ನಲ್ಲಿ ಹತ್ತು ಹನ್ನೆರಡು ವರ್ಷ ದುಡಿದು ಪ್ಲಾಂಟ್ ಹೆಡ್ ಆದವರು ನನಗೆ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ಎಂಡಿ ಅವರು ಹೊರಗಡೆ ಕಾಂಟ್ಯಾಕ್ಟ್ ಬೆಳೆಸ್ಕೊಳ್ಳಿ ಅಂತಾರೆ. ನನಗೆ ಮಾತಾಡೋಕೆ ಬರಲ್ಲ. ಎಲ್ಲಿಂದ ಶುರು ಮಾಡಲಿ?" ಪೀಣ್ಯದವರೂ ಕೇಳುತ್ತಾರೆ, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದವರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಉದಾಹರಣೆಗಳೆಲ್ಲ ಕಾರ್ಖಾನೆಯವು, ಯಾಕೆಂದರೆ ನನಗೆ ಗೊತ್ತಿರುವುದು ಅದೇ. ನೀವು ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಇದ್ದರೆ ಯಂತ್ರದ ಹೆಸರು ಬದಲಾಯಿಸಿಕೊಂಡು ಓದಿ.

ಮಾತುಗಾರರಿಗೆ ಮಾತ್ರ ಪರಿಚಯ ಬೆಳೆಯುತ್ತೆ ಅನ್ನೋ ಭಯ ಮೊದಲು ಬಿಡಿ. ಇಡೀ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೊಕ್ಕುಬಳಕೆ ಇರುವ ಎಷ್ಟೋ ಜನರನ್ನು ನೋಡಿದ್ದೇನೆ. ಅವರಲ್ಲಿ ಅರ್ಧಕ್ಕರ್ಧ ಜನ ಸಭೆಯಲ್ಲಿ ಬಾಯೇ ಬಿಡುವುದಿಲ್ಲ. ಆದರೆ ಫೋನ್ ಮಾಡ್ತೀನಿ ಅಂದ ದಿನ ಮಾಡುತ್ತಾರೆ. ನೀವು ಹೋದ ವರ್ಷ ಹೇಳಿದ್ದು ಅವರಿಗೆ ನೆನಪಿರುತ್ತದೆ.

ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ನಿಮಗೆ ಗೊತ್ತಿರಬಹುದು. ನಾಟಿ ಸಮಯದಲ್ಲಿ ಇವತ್ತು ಅವರ ಗದ್ದೆಗೆ ಇವರು, ನಾಳಿದ್ದು ಇವರ ಗದ್ದೆಗೆ ಅವರು. ಕೂಲಿ ಇಲ್ಲ. ಆಫೀಸಿನಲ್ಲಿ ಇದನ್ನೇ ನೆಟ್‌ವರ್ಕ್ ಅಂತಾರೆ, ಅಷ್ಟೇ.

ಬೇಕಾಗುವುದು

200 ಪುಟದ ಒಂದು ನೋಟ್‌ಬುಕ್. ಎಕ್ಸೆಲ್ ಇಷ್ಟವಾದರೆ ಎಕ್ಸೆಲ್. ಶನಿವಾರ ಅರ್ಧ ಗಂಟೆ. ತಿಂಗಳಿಗೆ ಒಬ್ಬರ ಜೊತೆ ಒಂದು ಊಟ ಅಥವಾ ಎರಡು ಕಾಫಿಯ ಖರ್ಚು. ಪರಿಚಯ ಗಟ್ಟಿಯಾಗಲು ಒಂದು ವರ್ಷವಾದರೂ ಬೇಕು. ಮುಂದಿನ ತಿಂಗಳೇ ಆರ್ಡರ್ ಬರಬೇಕು ಅಂತಿದ್ದರೆ ಈ ಲೇಖನ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಹಂತ 1: ತೊಂದರೆಗಳ ಪಟ್ಟಿ ಮಾಡಿ

ಹೆಚ್ಚಿನವರು ತಮಗೆ ಯಾರು ಯಾರು ಗೊತ್ತು ಅಂತ ಬರೆಯಲು ಕೂರುತ್ತಾರೆ. ಅದು ಬೇಡ. ಮೊದಲು ನಿಮ್ಮ ಪ್ಲಾಂಟಿನಲ್ಲಿ ಏನೇನು ಕೈಕೊಡಬಹುದು ಅಂತ ಬರೆಯಿರಿ. ಹತ್ತು ಸಾಲು ಸಾಕು. ನನ್ನ ಹಳೇ ಪುಸ್ತಕದಿಂದ ಕೆಲವು:

– ಸಿಎನ್‌ಸಿ ಸ್ಪಿಂಡಲ್ ಹೋಯಿತು. (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಯಂತ್ರ ಸಿಎನ್‌ಸಿ. ಅದರಲ್ಲಿ ಟೂಲನ್ನೋ ಕತ್ತರಿಸಬೇಕಾದ ಲೋಹದ ತುಂಡನ್ನೋ ಹಿಡಿದು ತಿರುಗುವ ಭಾಗ ಸ್ಪಿಂಡಲ್.) ಸರ್ವಿಸ್‌ನವರು ಎರಡು ವಾರ ಅಂತಿದ್ದಾರೆ.
– ಹೀಟ್ ಟ್ರೀಟ್‌ಮೆಂಟ್‌ನವರ ಫರ್ನೇಸ್ ನಿಂತಿದೆ. (ಲೋಹವನ್ನು ಕಾಯಿಸಿ, ತಣಿಸಿ, ಬೇಕಾದ ಗಟ್ಟಿತನ ತರುವ ಕೆಲಸ.)
– ದೊಡ್ಡ ಗ್ರಾಹಕರ ಕಡೆ ಪರ್ಚೇಸ್ ಹೆಡ್ ಬದಲಾದರು.
– ಒಳ್ಳೆಯ ಟೂಲ್ ಅಂಡ್ ಡೈ ಮೇಕರ್ ಕೆಲಸ ಬಿಟ್ಟರು. (ಬಿಡಿಭಾಗ ಮಾಡಲು ಬೇಕಾದ ಅಚ್ಚು, ಟೂಲ್ ತಯಾರಿಸುವವರು.)
– ಗ್ರಾಹಕರು ಐಎಟಿಎಫ್ 16949 ಕೇಳುತ್ತಿದ್ದಾರೆ. (ವಾಹನದ ಬಿಡಿಭಾಗ ಮಾಡುವವರಿಗೆ ಇರುವ ಗುಣಮಟ್ಟದ ಮಾನದಂಡ.)
– ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸ್ ಬಂತು.
– ನಾನು ತಗೊಂಡ ನಿರ್ಧಾರ ತಪ್ಪೇನೋ ಅನಿಸುತ್ತಿದೆ. ಕಂಪನಿಯೊಳಗೆ ಯಾರ ಹತ್ತಿರವೂ ಹೇಳುವ ಹಾಗಿಲ್ಲ.

ಪ್ರತಿ ಸಾಲಿನ ಮುಂದೆ ಎರಡು ಹೆಸರು ಬರೆಯಿರಿ. ಷರತ್ತು ಒಂದೇ. ಭಾನುವಾರ ಸಂಜೆ ನೀವು ಫೋನ್ ಮಾಡಿದರೂ ಅವರು ಎತ್ತಬೇಕು. ಕಂಪನಿಯ ಟೋಲ್‌ಫ್ರೀ ನಂಬರ್ ಲೆಕ್ಕಕ್ಕಿಲ್ಲ. ಅರ್ಧ ಸಾಲು ಖಾಲಿ ಉಳಿಯುತ್ತವೆ, ನೋಡ್ತಾ ಇರಿ. ಕೊನೆಯ ಸಾಲಂತೂ ಎಲ್ಲರದ್ದೂ ಖಾಲಿ. ಪರಿಚಯ ಬೆಳೆಸಬೇಕಾದ್ದು ಈ ಖಾಲಿ ಜಾಗಗಳಲ್ಲಿ.

ನನಗೆ ಇದು ಗೊತ್ತಾಗಿದ್ದು ಸ್ಪಿಂಡಲ್‌ನಿಂದಲೇ. ಒಂದು ಶುಕ್ರವಾರ ಸಂಜೆ ಯಂತ್ರ ನಿಂತಿತು. ಸೋಮವಾರ ಡಿಸ್ಪ್ಯಾಚ್. ನನ್ನ ಫೋನಿನಲ್ಲಿ 1,400 ನಂಬರ್. ತಿರುವುತ್ತಾ ಕೂತೆ. "ಬೇರಿಂಗ್ ಸರ್", "ಎಕ್ಸ್‌ಪೋ ಗಡ್ಡದವರು", "ಕ್ಯಾಲಿಬ್ರೇಷನ್ ಮೇಡಂ 2". ಒಬ್ಬರ ಮುಖವೂ ನೆನಪಾಗಲಿಲ್ಲ. ಕೊನೆಗೆ ಕೈ ಹಿಡಿದದ್ದು ನಮ್ಮ ಸ್ಟೋರ್ಸ್‌ನವರ ಭಾವಮೈದ. ಪಕ್ಕದ ರಸ್ತೆಯಲ್ಲಿ ಸ್ಪಿಂಡಲ್ ರಿಪೇರಿ ಮಾಡುತ್ತಿದ್ದರು. ಆರು ವರ್ಷ ದಿನಾ ಅವರ ಬೋರ್ಡ್ ಮುಂದೆಯೇ ಬೈಕ್ ಓಡಿಸಿದ್ದೆ.

ಹಂತ 2: ಹೊಸಬರಿಗಿಂತ ಮೊದಲು ಹಳಬರು

ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಬ್ಯಾಚಿನವರು. ಹಳೇ ಕಂಪನಿಯ ಸಹೋದ್ಯೋಗಿಗಳು. ಮೊದಲ ಬಾಸ್. ಇವರನ್ನು ಹೊಸದಾಗಿ ನಂಬಿಸಬೇಕಿಲ್ಲ, ನೆನಪಿಸಿದರೆ ಸಾಕು.

"ಐದು ವರ್ಷ ಮಾತೇ ಆಡಿಲ್ಲ, ಈಗ ಹೆಂಗೆ?" ಅಂತ ಸಂಕೋಚ ಅಲ್ವಾ? ಒಂದು ವಿಷಯ ಕೇಳಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದ್ದು, ಆ ಪರಿಚಯದವರನ್ನು ಆಗ ಎಷ್ಟು ಸಲ ನೋಡುತ್ತಿದ್ದಿರಿ ಅಂತ. ಆಗಾಗ ನೋಡುತ್ತಿದ್ದೆ ಅಂದವರು 100ಕ್ಕೆ 17 ಜನ ಕೂಡ ಇರಲಿಲ್ಲ. ಸುಮಾರು 56 ಜನ ಆಗೊಮ್ಮೆ ಈಗೊಮ್ಮೆ ಅಂದರು. ಉಳಿದ ಸುಮಾರು 28 ಜನ ವರ್ಷಕ್ಕೊಂದು ಸಲ ಅಥವಾ ಅದಕ್ಕಿಂತ ಕಮ್ಮಿ ಅಂದರು. ಕಾರಣ ಸರಳ. ದಿನಾ ಜೊತೆ ಊಟ ಮಾಡುವವರಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಹೊಸೂರಿಗೋ ಪುಣೆಗೋ ಹೋದ ಗೆಳೆಯನಿಗೆ ಬೇರೆ ಊರಿನ ಸುದ್ದಿ ಗೊತ್ತಿರುತ್ತದೆ. ಆ ಸಮೀಕ್ಷೆ ಚಿಕ್ಕದು, ಅದೂ ಕೆಲಸ ಹುಡುಕುವ ಬಗ್ಗೆ. ಆದರೂ ಕಾರ್ಖಾನೆಯಲ್ಲಿ ನಾನು ಕಂಡದ್ದು ಇದೇ.

ವಾರಕ್ಕೆ ಇಬ್ಬರಿಗೆ ಮೆಸೇಜ್ ಮಾಡಿ. ಹೀಗೆ ಬೇಡ:

"ಹಾಯ್ ಮಗಾ, ಹೇಗಿದೀಯ? ಎಷ್ಟು ದಿನ ಆಯ್ತು! ಒಂದು ಹೆಲ್ಪ್ ಬೇಕಿತ್ತು."

ಹೀಗೆ ಬರೆಯಿರಿ:

"ಮಗಾ, ಇವತ್ತು ನಮ್ಮಲ್ಲಿ ಒಂದು ಹಳೇ ಎಚ್‌ಎಂಟಿ ಲೇತ್ ಸ್ಕ್ರ್ಯಾಪ್‌ಗೆ ಹೋಯ್ತು. ನೀನು ವರ್ಕ್‌ಶಾಪಲ್ಲಿ ಚಕ್ ಕೀ ಅದರಲ್ಲೇ ಬಿಟ್ಟು ಬೈಸಿಕೊಂಡಿದ್ದು ನೆನಪಾಯ್ತು. ನಾನೀಗ ಪೀಣ್ಯದಲ್ಲಿ ಪ್ಲಾಂಟ್ ನೋಡ್ಕೋತಿದೀನಿ. ನೀನೆಲ್ಲಿದೀಯ? ಏನೂ ಕೆಲಸ ಇಲ್ಲ, ಸುಮ್ನೆ ಕೇಳ್ದೆ."

ಹಳೇ ಬಾಸ್‌ಗಾದರೆ ಮೆಸೇಜ್ ಬೇಡ, ಫೋನ್ ಮಾಡಿ. "ಸರ್, ನಮಸ್ಕಾರ. ನೀವು ಕಲಿಸಿದ ಆ ಫಿಕ್ಸ್ಚರ್ ಐಡಿಯಾ ಇವತ್ತಿಗೂ ನಡೀತಿದೆ" ಅಂತ ಒಂದು ಮಾತು ಹೇಳಿ. ನಿಜವಾಗಿದ್ದರೆ ಮಾತ್ರ. ಸುಳ್ಳು ಹೊಗಳಿಕೆಯನ್ನು ಹಿರಿಯರು ಕ್ಷಣದಲ್ಲಿ ಹಿಡಿದುಬಿಡುತ್ತಾರೆ.

ಎಚ್ಚರಿಕೆ: ಬೆಳಿಗ್ಗೆ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಕಳಿಸುವುದು ಒಡನಾಟ ಅಲ್ಲ. ನಿಮ್ಮ ನಂಬರನ್ನು ಮ್ಯೂಟ್ ಮಾಡಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಹಂತ 3: ಕಂಪನಿಯೊಳಗೇ ಇರುವವರು

ಪ್ರಮೋಷನ್ ಬಂದ ವಾರವೇ ಒಂದು ವಿಷಯ ಗಮನಕ್ಕೆ ಬರುತ್ತದೆ. ನೀವು ಬಂದರೆ ಟೀ ಕುಡಿಯುತ್ತಿದ್ದವರ ಮಾತು ನಿಲ್ಲುತ್ತದೆ. ನಿನ್ನೆವರೆಗೆ ಎಲ್ಲ ಹೇಳುತ್ತಿದ್ದ ಆಪರೇಟರ್ ಈಗ "ಎಲ್ಲ ಸರಿ ಇದೆ ಸಾರ್" ಅನ್ನುತ್ತಾನೆ. ಕೆಳಗಿನಿಂದ ಸುದ್ದಿ ಬರುವುದು ನಿಂತರೆ ಹೊರಗಿನ ಪರಿಚಯ ಎಷ್ಟಿದ್ದರೂ ನೀವು ಕುರುಡರೇ. ವಾರಕ್ಕೊಮ್ಮೆ ರಾತ್ರಿ ಪಾಳಿ ಶುರುವಾಗುವ ಹೊತ್ತಿಗೆ ಹೋಗಿ. ಮೂರನೇ ವಾರದ ಹೊತ್ತಿಗೆ ಮಾತು ಬರುತ್ತದೆ.

ಪಕ್ಕದವರನ್ನೂ ಮರೆಯಬೇಡಿ. ಪರ್ಚೇಸ್, ಕ್ವಾಲಿಟಿ, ಅಕೌಂಟ್ಸ್, ಎಚ್‌ಆರ್. ಅವರ ಮೇಲೆ ಎಂಡಿಗೆ ಮೇಲ್ ಹಾಕುವ ಮೊದಲು ಅವರ ಟೇಬಲ್ ಹತ್ತಿರ ಹೋಗಿ ಕೂತು ಮಾತಾಡಿ. ಒಂದು ಸಿಸಿ ಹಾಕಿ ಕೆಡಿಸಿಕೊಂಡದ್ದನ್ನು ಸರಿ ಮಾಡಿಕೊಳ್ಳಲು ವರ್ಷ ಬೇಕಾಗುತ್ತದೆ.

ಯಾರೂ ಹೇಳದ ಇನ್ನೊಂದು ವಿಷಯ. ಬಿಟ್ಟು ಹೋಗುವವರನ್ನು ಚೆನ್ನಾಗಿ ಕಳಿಸಿಕೊಡಿ. ರಾಜೀನಾಮೆ ಕೊಟ್ಟ ಹುಡುಗನಿಗೆ ಮುಖ ಕೊಡದ ಮ್ಯಾನೇಜರ್‌ಗಳು ಬಹಳ ಜನ ಇದ್ದಾರೆ. ಆ ಹುಡುಗ ನಾಳೆ ನಿಮ್ಮ ಗ್ರಾಹಕರ ಕಂಪನಿಯಲ್ಲಿ ಇನ್‌ಕಮಿಂಗ್ ಇನ್‌ಸ್ಪೆಕ್ಷನ್‌ನಲ್ಲಿ, ಅಂದರೆ ಬಂದ ಮಾಲು ಪರೀಕ್ಷಿಸುವ ಜಾಗದಲ್ಲಿ ಕೂತಿರುತ್ತಾನೆ. ರಿಲೀವಿಂಗ್ ಲೆಟರ್ ತಡ ಮಾಡಬೇಡಿ. ಕೊನೆಯ ದಿನ ಗೇಟ್‌ವರೆಗೆ ಹೋಗಿ. ಆರು ತಿಂಗಳ ನಂತರ "ಹೊಸ ಜಾಗ ಹೇಗಿದೆಯಪ್ಪಾ?" ಅಂತ ಒಂದು ಫೋನ್ ಮಾಡಿ.

ಹಂತ 4: ಹೊರಗೆ ಹೋಗಿ, ಆದರೆ ಎಲ್ಲ ಕಡೆ ಬೇಡ

ಒಂದೇ ಒಂದು ಸಂಘ ಆರಿಸಿಕೊಳ್ಳಿ. ನಮ್ಮಲ್ಲಿ ಬರ ಏನಿಲ್ಲ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲಿ ಶುರುವಾದ ವಾಣಿಜ್ಯ ಮಂಡಳಿಯೇ ಇವತ್ತಿನ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳಿಗೆ 1949ರಿಂದ ಕಾಸಿಯಾ ಇದೆ. ಹುಬ್ಬಳ್ಳಿಯಲ್ಲಿ 1928ರ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ, ಮಂಗಳೂರಿನಲ್ಲಿ 1940ರ ಕೆನರಾ ಚೇಂಬರ್. ಪೀಣ್ಯದವರಿಗೆ ಪೀಣ್ಯ ಕೈಗಾರಿಕಾ ಸಂಘ. ಮಹಿಳಾ ಉದ್ಯಮಿಗಳಿಗೆ 1983ರಿಂದ ಅವೇಕ್. ಇಂಥ ಕಡೆ ಸದಸ್ಯತ್ವ ಸಾಮಾನ್ಯವಾಗಿ ಕಂಪನಿ ಹೆಸರಿನಲ್ಲಿ ಇರುತ್ತದೆ. ನಿಮ್ಮ ಕಂಪನಿ ಈಗಾಗಲೇ ಸದಸ್ಯ ಆಗಿರಲೂಬಹುದು. ಅಕೌಂಟ್ಸ್‌ನಲ್ಲಿ ಕೇಳಿ. ಮಾಲೀಕರಿಗೆ ಹೋಗಲು ಪುರುಸೊತ್ತಿಲ್ಲದಿದ್ದರೆ ಪ್ರತಿನಿಧಿಯಾಗಿ ನಿಮ್ಮ ಹೆಸರು ಕೊಡಲು ಹೇಳಿ.

ಹೋಗಿ ಹಿಂದಿನ ಸಾಲಲ್ಲಿ ಕೂತು, ಊಟ ಮಾಡಿ ಬಂದರೆ ಹತ್ತು ವರ್ಷ ಕಳೆದರೂ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕೆಲಸ ವಹಿಸಿಕೊಳ್ಳಿ. ನಾಚಿಕೆ ಸ್ವಭಾವದವರಿಗೆ ನಾನು ಹೇಳುವುದು ಸೆಮಿನಾರ್ ದಿನದ ನೋಂದಣಿ ಮೇಜು. ಬಂದವರೆಲ್ಲ ತಾವಾಗಿಯೇ ನಿಮ್ಮ ಹತ್ತಿರ ಬಂದು ಹೆಸರು, ಕಂಪನಿ ಹೇಳುತ್ತಾರೆ. ನೀವು ಮಾತು ಹುಡುಕಬೇಕಿಲ್ಲ. ಮುಂದಿನ ಸಭೆಯಲ್ಲಿ ಅವರೇ ಗುರುತು ಹಿಡಿಯುತ್ತಾರೆ.

ನೀವೇ ಸಭೆ ಕರೆಯುವವರಾದರೆ ರಾತ್ರಿ ಎಂಟರ ಹೋಟೆಲ್ ಕೂಟ ಬಿಟ್ಟು ಬೆಳಗಿನ ತಿಂಡಿಗೆ ಇಡಿ. ಸಂಜೆ ಮಗುವನ್ನು ಮನೆಗೆ ಕರೆದುಕೊಂಡು ಹೋಗಬೇಕಾದ ಹೆಣ್ಣುಮಕ್ಕಳು, ತುಮಕೂರಿಗೆ ವಾಪಸ್ ಹೋಗಬೇಕಾದವರು, ಕುಡಿಯದವರು ಎಲ್ಲರೂ ಬರುತ್ತಾರೆ. ಇಡ್ಲಿ ವಡೆ ಮುಂದೆ ಜನ ಹೆಚ್ಚು ನಿಜ ಹೇಳುತ್ತಾರೆ ಅನ್ನೋದು ನನ್ನ ನಂಬಿಕೆ.

ಇನ್ನು ಪ್ರದರ್ಶನಗಳು. ಯಂತ್ರೋಪಕರಣದವರಿಗೆ ಜನವರಿಯ ಇಮ್ಟೆಕ್ಸ್ ದೊಡ್ಡ ಜಾತ್ರೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ನಡೆಯುತ್ತದೆ. ಒಂದು ವರ್ಷ ಲೋಹ ಕತ್ತರಿಸುವ ಕಟಿಂಗ್ ಯಂತ್ರಗಳು, ಮರುವರ್ಷ ಲೋಹವನ್ನು ಒತ್ತಿ, ಬಾಗಿಸಿ ಆಕಾರ ಕೊಡುವ ಫಾರ್ಮಿಂಗ್ ಯಂತ್ರಗಳು. 2024ರ ನವೆಂಬರಿನಲ್ಲಿ ಮೆಟ್ರೋದ ಹಸಿರು ಮಾರ್ಗ ಅದರ ಹತ್ತಿರದ ಮಾದಾವರದವರೆಗೆ ಬಂದ ಮೇಲೆ ಟ್ರಾಫಿಕ್ ನೆಪವೂ ಹೋಯಿತು. ನೋಡುವ ಕ್ರಮ ಹೀಗಿರಲಿ:

ಮನೆಯಲ್ಲೇ ಎಂಟು ಸ್ಟಾಲ್ ಗುರುತು ಹಾಕಿಕೊಳ್ಳಿ. ವಾರದ ಮಧ್ಯೆ ಬಾಗಿಲು ತೆರೆದ ಕೂಡಲೇ ಹೋಗಿ. ಮಧ್ಯಾಹ್ನದ ಮೇಲೆ ಸ್ಟಾಲ್‌ನವರೂ ಸುಸ್ತಾಗಿರುತ್ತಾರೆ. "ನಿಮ್ಮ ಕಂಪನಿ ಏನು ಮಾಡುತ್ತೆ?" ಅಂತ ಕೇಳಬೇಡಿ, ಅದು ಬೋರ್ಡ್ ಮೇಲೇ ಇದೆ. "ಸ್ಟೇನ್‌ಲೆಸ್‌ನಲ್ಲಿ ಆಳವಾದ ಬೋರ್ ಹಾಕುವಾಗ ನಮಗೆ ಚಿಪ್ ಸಿಕ್ಕಿಕೊಳ್ಳುತ್ತೆ, ನೀವು ಹೇಗೆ ನಿಭಾಯಿಸ್ತೀರಿ?" ಅಂತ ಕೇಳಿ. (ಬೋರ್ ಅಂದರೆ ಕೊರೆದ ತೂತು, ಚಿಪ್ ಅಂದರೆ ಕೊರೆಯುವಾಗ ಏಳುವ ಲೋಹದ ಚೂರು.) ಸೇಲ್ಸ್‌ನವರು ತಾವಾಗಿಯೇ ಹಿಂದೆ ಕೂತಿರುವ ಅಪ್ಲಿಕೇಶನ್ ಇಂಜಿನಿಯರನ್ನು ಕರೆಯುತ್ತಾರೆ. ನಿಮಗೆ ಬೇಕಾದವರು ಅವರೇ. ಸ್ಟಾಲ್‌ನಿಂದ ಹೊರಗೆ ಬಂದು ಕಾರ್ಡಿನ ಹಿಂದೆ ಒಂದು ಸಾಲು ಬರೆಯಿರಿ. 60 ಕಾರ್ಡ್ ತಂದು ಡ್ರಾಯರ್‌ಗೆ ಹಾಕುವುದಕ್ಕಿಂತ ಐದು ಜನರ ಜೊತೆ ಹತ್ತತ್ತು ನಿಮಿಷ ಮಾತಾಡುವುದು ಮೇಲು.

ನನ್ನನ್ನು ಕೇಳಿದರೆ ಪ್ರದರ್ಶನಕ್ಕಿಂತ ತರಬೇತಿ ವಾಸಿ. ಸಿಎಂಟಿಐ (ಕೇಂದ್ರ ಸರ್ಕಾರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ), ಜಿಟಿಟಿಸಿಯಂಥ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಡೆ ಎರಡು ಮೂರು ದಿನದ ಕೋರ್ಸ್‌ಗೆ ಹೋದರೆ ಒಂದೇ ಬೆಂಚಿನಲ್ಲಿ ಕೂತು, ಒಂದೇ ಊಟ ಮಾಡಿ, ಒಂದೇ ಲೆಕ್ಕಕ್ಕೆ ತಲೆ ಕೆಡಿಸಿಕೊಂಡಿರುತ್ತೀರಿ. ಆ ಪರಿಚಯ ಉಳಿಯುತ್ತದೆ.

ಲಿಂಕ್ಡ್‌ಇನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಇರಲಿ. ಫೋಟೋ, ಈಗಿನ ಹುದ್ದೆ, ಏನು ತಯಾರಿಸುತ್ತೀರಿ ಅನ್ನೋ ಮೂರು ಸಾಲು ಸಾಕು. ಯಾರಿಗಾದರೂ ಕನೆಕ್ಟ್ ಕಳಿಸುವಾಗ ಎಲ್ಲಿ ಭೇಟಿಯಾಗಿದ್ದೆವು ಅಂತ ಬರೆಯಿರಿ.

ಎಚ್ಚರಿಕೆ: ಸಂಘದಲ್ಲಿ ನಿಮ್ಮ ಪ್ರತಿಸ್ಪರ್ಧಿಗಳೂ ಇರುತ್ತಾರೆ. ಕಾರ್ಮಿಕರ ಕೊರತೆ, ಕರೆಂಟ್, ರಸ್ತೆ, ಹೊಸ ಯಂತ್ರದ ಬಗ್ಗೆ ಧಾರಾಳವಾಗಿ ಮಾತಾಡಿ. ಆದರೆ "ಈ ಪಾರ್ಟ್‌ಗೆ ಇಷ್ಟಕ್ಕಿಂತ ಕಮ್ಮಿ ಕೋಟ್ ಮಾಡೋದು ಬೇಡ" ಅನ್ನೋ ಮಾತು ಶುರುವಾದರೆ ಎದ್ದು ಬನ್ನಿ. ಸ್ಪರ್ಧಿಗಳು ಕೂಡಿ ದರ ನಿಗದಿ ಮಾಡುವುದು, ಗ್ರಾಹಕರನ್ನು ಹಂಚಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯಲ್ಲಿ ನಿಷಿದ್ಧ, ದೊಡ್ಡ ದಂಡ ಬೀಳಬಹುದು. ಗ್ರಾಹಕರ ಡ್ರಾಯಿಂಗನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಹಂತ 5: ಮುಯ್ಯಿ ಪುಸ್ತಕ ಇಡಿ

ಭೇಟಿಯಾದ ಎರಡು ದಿನದೊಳಗೆ ಒಂದು ಮೆಸೇಜ್ ಹೋಗಬೇಕು. ಮೂರನೇ ದಿನಕ್ಕೆ ಅವರಿಗೂ ನಿಮ್ಮ ಮುಖ ಮಸುಕಾಗುತ್ತದೆ. ಮಾತಿನ ಮಧ್ಯೆ ಏನಾದರೂ ಕಳಿಸ್ತೀನಿ ಅಂದಿದ್ದರೆ ಅದನ್ನೂ ಅದರಲ್ಲೇ ಕಳಿಸಿ.

ಆಮೇಲೆ ನೋಟ್‌ಬುಕ್. ಮದುವೆಮನೆಯಲ್ಲಿ ಒಬ್ಬರು ಮುಯ್ಯಿ ಬರೆಯಲು ಪುಸ್ತಕ ಹಿಡಿದು ಕೂರುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಅದರಲ್ಲಿ ಬಂದದ್ದನ್ನು ಮಾತ್ರ ಬರೆಯುತ್ತಾರೆ. ನಾವು ಊರಿಗೆಲ್ಲ ಕೊಟ್ಟದ್ದು ಆ ಪುಸ್ತಕದಲ್ಲಿರುವುದಿಲ್ಲ. ನಿಮ್ಮದೂ ಹಾಗೇ ಇರಲಿ. ಯಾರು ನಿಮಗೆ ಏನು ಮಾಡಿಕೊಟ್ಟರು ಅಷ್ಟೇ ಬರೆಯಿರಿ. ನೀವು ಮಾಡಿದ್ದನ್ನು ಬರೆದರೆ ಮನಸ್ಸು ಲೆಕ್ಕ ಹಾಕಲು ಶುರು ಮಾಡುತ್ತದೆ. "ನಾನಿಷ್ಟು ಮಾಡಿದೆ, ಅವರು ಫೋನೂ ಎತ್ತಲ್ಲ" ಅಂತ ಕೊರಗು ಬರುವುದು ಅಲ್ಲಿಂದಲೇ.

ಒಂದು ನಮೂನೆ:

"ಫೆ. 12. ಹೀಟ್ ಟ್ರೀಟ್‌ಮೆಂಟ್ ಮಾಲೀಕರು, ಪೀಣ್ಯ 2ನೇ ಹಂತ. ಭಾನುವಾರ ರಾತ್ರಿ ಫರ್ನೇಸ್ ಹಾಕಿ 42 ಶಾಫ್ಟ್ ಮಾಡಿಕೊಟ್ಟರು. ಎಕ್ಸ್‌ಟ್ರಾ ತಗೊಳ್ಳಲಿಲ್ಲ. ಮಗಳು ಸೆಕೆಂಡ್ ಪಿಯು, ಡಿಸೈನ್ ಕೋರ್ಸ್ ಬಗ್ಗೆ ಕೇಳ್ತಿದ್ದರು. ಮಾರ್ಚಲ್ಲಿ ವಿಚಾರಿಸಿ ಹೇಳಬೇಕು."

ಶನಿವಾರದ ಅರ್ಧ ಗಂಟೆಯಲ್ಲಿ ಈ ಪುಸ್ತಕ ತಿರುವಿ, ಮೂವರಿಗೆ ಫೋನ್ ಮಾಡಿ. ಮೂರು ತಿಂಗಳಿಂದ ಮಾತಾಡದವರು ಮೊದಲು.

ಹಂತ 6: ನಿಮ್ಮ ಹತ್ತಿರ ಕೊಡಲು ಏನಿದೆ?

"ನಾನು ದೊಡ್ಡ ಮನುಷ್ಯ ಅಲ್ಲ, ಏನು ಕೊಡಲಿ?" ಅನ್ನುತ್ತಾರೆ. ಪ್ಲಾಂಟ್ ಹೆಡ್ ಕೈಯಲ್ಲಿ ಬೇಕಾದಷ್ಟಿದೆ.

ಎಲ್ಲಕ್ಕಿಂತ ಮೊದಲು ವೆಂಡರ್‌ಗಳ ಬಿಲ್. ಅತಿಸಣ್ಣ ಅಥವಾ ಸಣ್ಣ ಘಟಕದಿಂದ ಮಾಲು ತಗೊಂಡರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ಹಣ ಕೊಡುವುದು 45 ದಿನ ದಾಟುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಹಣ ಬಿಡುಗಡೆ ಮಾಡುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ನಿಮ್ಮ ಟೇಬಲ್ ಮೇಲೆ ಸಹಿಗೆ ಬಂದ ಬಿಲ್ ಅವತ್ತೇ ಹೋಗಲಿ. ತಡವಾಗುವುದಾದರೆ ನೀವೇ ಫೋನ್ ಮಾಡಿ ಹೇಳಿ. ಬಿಲ್ ತಡೆಹಿಡಿದು, ಸಂಜೆ ಸಂಘದಲ್ಲಿ ಸಿಕ್ಕಾಗ ಹೆಗಲ ಮೇಲೆ ಕೈ ಹಾಕಿದರೆ ಏನು ಪ್ರಯೋಜನ?

ಕೋಟೇಶನ್ ಕೊಟ್ಟು ಆರ್ಡರ್ ಸಿಗದವರಿಗೆ ಕಾರಣ ಹೇಳಿ. "ನಿಮ್ಮ ರೇಟ್ ಸರಿ ಇತ್ತು, ಡೆಲಿವರಿ ಎರಡು ವಾರ ಜಾಸ್ತಿ ಆಯ್ತು" ಅನ್ನೋ ಒಂದು ಸಾಲು. ಬೇರೆಯವರ ರೇಟ್ ಮಾತ್ರ ಹೇಳಬೇಡಿ.

ಇಬ್ಬರನ್ನು ಪರಿಚಯ ಮಾಡಿಸುವುದು ಇನ್ನೊಂದು. ಇದರಲ್ಲಿ ಎಲ್ಲರೂ ಎಡವುತ್ತಾರೆ. ಕೇಳದೆ ನಂಬರ್ ಕೊಟ್ಟುಬಿಡುತ್ತಾರೆ. ಮೊದಲು "ನಿಮ್ಮ ನಂಬರ್ ಕೊಡಲಾ?" ಅಂತ ಕೇಳಿ. ಹೂಂ ಅಂದ ಮೇಲೆ ಇಬ್ಬರಿಗೂ, ಯಾರು, ಯಾವ ವಿಷಯಕ್ಕೆ ಅಂತ ಎರಡು ಸಾಲು ಬರೆದು ನೀವು ಪಕ್ಕಕ್ಕೆ ಸರಿಯಿರಿ.

ಎಚ್ಚರಿಕೆ: ದೀಪಾವಳಿಗೆ ಸ್ವೀಟ್ ಬಾಕ್ಸ್ ಬರುತ್ತದೆ, ಶಿಫ್ಟಿಗೆಲ್ಲ ಹಂಚಿಬಿಡಿ. ಅದಕ್ಕಿಂತ ದೊಡ್ಡದು ಬಂದರೆ ವಾಪಸ್ ಕಳಿಸಿ, ಕಂಪನಿಗೆ ತಿಳಿಸಿ. ಒಮ್ಮೆ ತಗೊಂಡರೆ ಆಮೇಲೆ ಆ ವೆಂಡರ್‌ನ ಮಾಲು ರಿಜೆಕ್ಟ್ ಮಾಡಲು ಕೈ ನಡುಗುತ್ತದೆ.

ಹಂತ 7: ಕೇಳುವುದು

ಎಷ್ಟೋ ಜನ ಬರೀ ಕೊಡುತ್ತಲೇ ಇರುತ್ತಾರೆ, ಕೇಳಲು ನಾಚಿಕೆ. ಕೇಳದಿದ್ದರೆ ಎದುರಿನವರಿಗೂ ಋಣ ತೀರಿಸುವ ದಾರಿ ಇರುವುದಿಲ್ಲ. ಕೇಳುವಾಗ ಚಿಕ್ಕದಾಗಿ, ಖಚಿತವಾಗಿ, ಇಲ್ಲ ಅನ್ನಲು ಜಾಗ ಬಿಟ್ಟು ಕೇಳಿ. "ನಮಗೆ ಏನಾದರೂ ಬಿಸಿನೆಸ್ ಇದ್ದರೆ ಹೇಳಿ ಸರ್" ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. "ಸರ್, ನಿಮ್ಮಲ್ಲಿ ಗ್ರೈಂಡಿಂಗ್ ಯಂತ್ರ ಗುರುವಾರ ಖಾಲಿ ಇದ್ದರೆ ನಾಲ್ಕು ಗಂಟೆ ಜಾಬ್‌ವರ್ಕ್‌ಗೆ ಸಿಗಬಹುದಾ? ಆಗದಿದ್ದರೆ ಪರವಾಗಿಲ್ಲ, ಬೇರೆ ಯಾರನ್ನು ಕೇಳಬಹುದು ಅಂತ ಹೇಳಿ ಸಾಕು." ಈ ಕೊನೆಯ ವಾಕ್ಯದಿಂದಲೇ ನನಗೆ ಎಷ್ಟೋ ಹೊಸ ಬಾಗಿಲು ತೆರೆದಿವೆ. ಕೆಲಸ ಆದ ಮೇಲೆ ಏನಾಯಿತು ಅಂತ ಅವರಿಗೆ ತಿಳಿಸಿ. ಆಗದಿದ್ದರೂ ತಿಳಿಸಿ.

ಪಟ್ಟಿಯ ಆ ಕೊನೆಯ ಸಾಲು ನೆನಪಿದೆಯಾ? ಸಂಶಯ ಹೇಳಿಕೊಳ್ಳಲು ಒಬ್ಬರು ಬೇಕು. ಅದಕ್ಕೆ ನಿಮ್ಮದೇ ಹುದ್ದೆಯಲ್ಲಿರುವ, ಬೇರೆ ಸರಕು ಮಾಡುವ ಕಂಪನಿಯವರು ಒಳ್ಳೆಯದು. ನೀವು ಗೇರ್ ಮಾಡಿದರೆ ಅವರು ಪ್ಲಾಸ್ಟಿಕ್ ಮೋಲ್ಡಿಂಗ್‌ನವರು. ಸ್ಪರ್ಧೆ ಇಲ್ಲ, ತಲೆನೋವು ಮಾತ್ರ ಒಂದೇ. ಇಂಥ ಇಬ್ಬರು ಮೂವರು ಸೇರಿ ಎರಡು ತಿಂಗಳಿಗೊಮ್ಮೆ ಒಬ್ಬರ ಪ್ಲಾಂಟಿಗೆ ಒಬ್ಬರು ಹೋಗಿ. ಒಂದು ಸುತ್ತು ಹಾಕಿ, ಟೀ ಕುಡಿದು, ಕಂಡದ್ದನ್ನು ಮುಲಾಜಿಲ್ಲದೆ ಹೇಳಿ.

ಹಂತ 8: ಪುಸ್ತಕ ನಿಮ್ಮೊಬ್ಬರದ್ದೇ ಆಗದಿರಲಿ

ಎಲ್ಲ ಪರಿಚಯ ನಿಮ್ಮ ಫೋನಿನಲ್ಲೇ ಇದ್ದರೆ ನೀವು ಜ್ವರ ಬಂದು ಮಲಗಿದ ದಿನ ಪ್ಲಾಂಟ್ ನಿಲ್ಲುತ್ತದೆ. ವೆಂಡರ್ ಭೇಟಿಗೆ ಹೋಗುವಾಗ ನಿಮ್ಮ ಕೆಳಗಿನ ಇಂಜಿನಿಯರನ್ನೂ ಕರೆದುಕೊಂಡು ಹೋಗಿ. ಎರಡನೇ ಸಲ ಮಾತಾಡುವುದು ಅವರೇ ಆಗಲಿ. ಹಂತ 1ರ ಪಟ್ಟಿಯನ್ನು ಅವರಿಂದಲೂ ಮಾಡಿಸಿ. ಅವರ ಎರಡು ಹೆಸರಲ್ಲಿ ಒಂದು ನಿಮ್ಮದಾಗಿರಬಾರದು ಅಂತ ಷರತ್ತು ಹಾಕಿ.

ಕೆಲಸ ಬದಲಾಯಿಸುವಾಗ ಏನು ಒಯ್ಯಬಹುದು ಅಂತಲೂ ಕೇಳುತ್ತಾರೆ. ಸ್ನೇಹ, ಫೋನ್ ನಂಬರ್ ನಿಮ್ಮವು. ಗ್ರಾಹಕರ ಡ್ರಾಯಿಂಗ್, ರೇಟ್ ಪಟ್ಟಿ, ಕಂಪನಿಯ ಸಾಫ್ಟ್‌ವೇರಿನಿಂದ ತೆಗೆದ ಗ್ರಾಹಕರ ವಿವರ ಕಂಪನಿಯವು. ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಗೋಪ್ಯತೆಯ ಷರತ್ತು ಏನಿದೆ ಅಂತ ಒಮ್ಮೆ ಓದಿ. ನೋಟ್‌ಬುಕ್ಕಿನಲ್ಲಿ ಕಂಪನಿ ಕೆಲಸಕ್ಕೆ ಬೇಕಾದ ಪುಟಗಳನ್ನು ನಿಮ್ಮ ಜಾಗಕ್ಕೆ ಬರುವವರಿಗೆ ಬರೆದುಕೊಡಿ: ಸ್ಪಿಂಡಲ್ ರಿಪೇರಿಯವರು, ಭಾನುವಾರ ಫರ್ನೇಸ್ ಹಾಕುವವರು, ರಾತ್ರಿ ಲಾರಿ ಕಳಿಸುವವರು. ಕೊನೆಯ ವಾರ ಆ ನಾಲ್ಕೈದು ಕಡೆಗೆ ಅವರನ್ನು ಬೈಕ್ ಹಿಂದೆ ಕೂರಿಸಿಕೊಂಡು ಹೋಗಿ, "ಇನ್ಮೇಲೆ ಇವರು ಫೋನ್ ಮಾಡ್ತಾರೆ" ಅಂತ ಹೇಳಿ ಬನ್ನಿ. ಮಗಳ ಪಿಯು, ಡಿಸೈನ್ ಕೋರ್ಸ್ ಇರುವ ಪುಟ ಕೊಡಬೇಕಿಲ್ಲ. ಆ ಫೋನ್ ನೀವೇ ಮಾಡಬೇಕು.